ಮಾತಾಡಿದರೆ ಮುಳ್ಳು ಕುಣಿಯುವ ವಿಮಾನ

ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದ ಕೂಡಲೇ ರೇಡಿಯೋ ಗರಗರ ಎನ್ನುತ್ತದೆ. ಮೊಬೈಲಿಗೆ ಕರೆ ಬರುವ ಮುನ್ನ ಪಕ್ಕದಲ್ಲಿರುವ ಸ್ಪೀಕರ್ ಟಿರ್ ಟಿರ್ ಎಂದು ಸದ್ದುಮಾಡುತ್ತದೆ. ಇದನ್ನೆಲ್ಲ ನಾವು ಕೇಳಿಯೇ ಇರುತ್ತೇವೆ. ಮನೆಯಲ್ಲಾದರೆ ಇದು ಬರಿಯ ಕಿರಿಕಿರಿ. ಆದರೆ ಇದೇ ತೊಂದರೆ ಆಕಾಶದಲ್ಲಿ ಹಾರುತ್ತಿರುವ ಪುಟ್ಟ ವಿಮಾನದೊಳಗೆ ಕಾಣಿಸಿಕೊಂಡರೆ?

ಪೈಲಟ್ ಮಾತಾಡಲು ರೇಡಿಯೋ ಗುಂಡಿ ಒತ್ತುತ್ತಾರೆ. ತಕ್ಷಣ ಇಂಧನ ತೋರಿಸುವ ಮುಳ್ಳು ಕುಣಿಯುತ್ತದೆ, ಆಟೋಪೈಲಟ್ ವಿಮಾನವನ್ನು ಒಂದು ಬದಿಗೆ ಎಳೆಯುತ್ತದೆ, ಹೆಡ್‌ಸೆಟ್‌ನಲ್ಲಿ ಅವರದೇ ದನಿ ಒಡೆದು ಕೇಳಿಸುತ್ತದೆ. ಸ್ವಂತ ಕೈಯಿಂದ ಫೈಬರ್ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳಿಗೆ ಇದು ಪರಿಚಿತ ತಲೆನೋವು.

ಮನೆಯಲ್ಲೇ ವಿಮಾನವೇ?

ಹೌದು. ಅಮೆರಿಕದಲ್ಲಿ ಈ ಹವ್ಯಾಸ ಬಹಳ ಹಳೆಯದು. ಅಲ್ಲಿನ ವಿನ್ಯಾಸಕ ಬರ್ಟ್ ರುಟಾನ್ ರೂಪಿಸಿದ ವೇರಿ-ಈಝಿ 1975ರಲ್ಲಿ, ಲಾಂಗ್-ಈಝಿ 1979ರಲ್ಲಿ ಮೊದಲ ಬಾರಿಗೆ ಹಾರಿದವು. ಫೋಮ್ ದಿಮ್ಮಿಯನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಗಾಜಿನ ನಾರಿನ ಬಟ್ಟೆ ಹೊದಿಸಿ, ಎಪಾಕ್ಸಿ ಅಂಟು ಹಚ್ಚಿ ಗಟ್ಟಿಯಾಗಿಸುವುದು ಇವುಗಳನ್ನು ಕಟ್ಟುವ ವಿಧಾನ. ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ಕೂಡ 1980ರ ದಶಕದಲ್ಲಿ ಲಾಂಗ್-ಈಝಿಯನ್ನು ಆಧರಿಸಿದ ಹಗುರ ಸಂಶೋಧನಾ ವಿಮಾನವೊಂದನ್ನು ಕಟ್ಟಿ ಹಾರಿಸಿತ್ತು.

ಗಾಜಿನ ನಾರಿನ ಮೂಲಕ ರೇಡಿಯೋ ಅಲೆಗಳು ಸಲೀಸಾಗಿ ಹಾದುಹೋಗುತ್ತವೆ. ಹಾಗಾಗಿ ಆಂಟೆನಾವನ್ನು ರೆಕ್ಕೆಯೊಳಗೆ ಅಡಗಿಸಿಡಬಹುದು, ಗಾಳಿಯ ಎಳೆತವೂ ತಪ್ಪುತ್ತದೆ. ಇಷ್ಟು ನಿಜ. ಆದರೆ "ಫೈಬರ್ ವಿಮಾನದಲ್ಲಿ ಆಂಟೆನಾ ಎಲ್ಲಿಟ್ಟರೂ, ಹೇಗಿಟ್ಟರೂ ನಡೆಯುತ್ತದೆ" ಎನ್ನುವುದು ತಪ್ಪು ಕಲ್ಪನೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಲೋಹದ ಮೈ ಮಾಡುತ್ತಿದ್ದ ಕೆಲಸ

ವಿಮಾನಗಳ ಮಾತುಕತೆ ನಡೆಯುವುದು 118ರಿಂದ 137 ಮೆಗಾಹರ್ಟ್ಜ್ ನಡುವೆ. 125 ಮೆಗಾಹರ್ಟ್ಜ್ ಅಲೆಯ ಉದ್ದ ಸುಮಾರು 2.4 ಮೀಟರ್. ಅದರ ಕಾಲುಭಾಗ, ಅಂದರೆ ಸುಮಾರು 60 ಸೆಂಟಿಮೀಟರ್ ಉದ್ದದ ಕಡ್ಡಿ ಆಂಟೆನಾ ಆಗಬಲ್ಲದು. ಆದರೆ ಈ ಕಡ್ಡಿ ಆಂಟೆನಾದ ಅರ್ಧಭಾಗ ಮಾತ್ರ! ಅದರ ಬುಡದಲ್ಲಿರುವ ಲೋಹದ ಹಾಳೆ ಉಳಿದ ಅರ್ಧದ ಕೆಲಸ ಮಾಡುತ್ತದೆ. ಇದಕ್ಕೆ ಗ್ರೌಂಡ್ ಪ್ಲೇನ್ ಎಂದು ಹೆಸರು.

ಅಲ್ಯೂಮಿನಿಯಂ ವಿಮಾನದಲ್ಲಿ ಇಡೀ ಮೈಯೇ ಗ್ರೌಂಡ್ ಪ್ಲೇನ್. ಜೊತೆಗೆ ಅದು ಹೊರಗಿನ ಆಂಟೆನಾಕ್ಕೂ ಒಳಗಿನ ತಂತಿಗಳಿಗೂ ನಡುವೆ ಗೋಡೆಯಂತೆಯೂ ನಿಲ್ಲುತ್ತದೆ. ಫೈಬರ್ ವಿಮಾನದಲ್ಲಿ ಈ ಎರಡು ಅನುಕೂಲಗಳೂ ಇಲ್ಲ.

ಆಂಟೆನಾಕ್ಕೆ ತನ್ನ ಇನ್ನೊಂದು ಅರ್ಧ ಸಿಗದಿದ್ದರೆ ವಿದ್ಯುತ್ತು ಬೇರೆ ದಾರಿ ಹುಡುಕುತ್ತದೆ. ರೇಡಿಯೋದಿಂದ ಆಂಟೆನಾಕ್ಕೆ ಹೋಗುವ ಕೋಆಕ್ಸಿಯಲ್ ಕೇಬಲ್‌ನಲ್ಲಿ ಸಂಕೇತವು ನಡುವಿನ ತಂತಿ ಮತ್ತು ಲೋಹದ ಹೆಣಿಗೆಯ ಒಳಮೈ ನಡುವೆ ಸಾಗಬೇಕು. ಈಗ ಅದು ಹೆಣಿಗೆಯ ಹೊರಮೈ ಹಿಡಿದು ವಾಪಸ್ಸು ಬರುತ್ತದೆ. ಕೇಬಲ್ಲೇ ಆಂಟೆನಾ ಆಗಿಬಿಡುತ್ತದೆ! ಅದು ಹಾದುಹೋಗುವುದು ಮಾಪಕ, ಆಟೋಪೈಲಟ್, ಮೈಕ್ರೋಫೋನ್ ತಂತಿಗಳ ಪಕ್ಕದಲ್ಲೇ. ಮುಳ್ಳು ಕುಣಿಯುವುದು ಇದಕ್ಕಾಗಿ.

ಪರಿಹಾರ ಏನು?

ಕುಣಿಯುವ ಮಾಪಕಕ್ಕೆಲ್ಲ ಒಂದೊಂದು ಫಿಲ್ಟರ್ ಹಾಕುತ್ತ ಹೋಗುವುದು ಸೂರು ಸೋರುವಾಗ ಕೆಳಗೆ ಪಾತ್ರೆ ಇಟ್ಟಂತೆ. ಮೊದಲು ಆಂಟೆನಾವನ್ನು ಪೂರ್ಣಗೊಳಿಸಬೇಕು. ಕಡ್ಡಿ ಆಂಟೆನಾ ಆದರೆ ಅದರ ಬುಡದಿಂದ ನಾಲ್ಕು ದಿಕ್ಕಿಗೆ ಸುಮಾರು 60 ಸೆಂಟಿಮೀಟರ್ ಉದ್ದದ ತಾಮ್ರದ ಪಟ್ಟಿಗಳನ್ನು ಅಂಟಿಸಿ ಗ್ರೌಂಡ್ ಪ್ಲೇನ್ ಮಾಡಿಕೊಡಬಹುದು. ಇಲ್ಲವೇ ಎರಡೂ ಅರ್ಧಗಳಿರುವ ಡೈಪೋಲ್ ಆಂಟೆನಾ ಬಳಸಬಹುದು. ಅಮೆರಿಕದ ಎಂಜಿನಿಯರ್ ಜಿಮ್ ವಿಯರ್ ಇಂಥ ವಿಮಾನಗಳಿಗೆಂದೇ ಜನಪ್ರಿಯಗೊಳಿಸಿದ ವಿಧಾನ ಸರಳವಾಗಿದೆ: ಮೈಯೊಳಗೆ ಅಂಟಿಸಿದ ತಾಮ್ರದ ಪಟ್ಟಿಯ ಡೈಪೋಲ್, ಅದರ ಬುಡದಲ್ಲಿ ಕೇಬಲ್ ಮೇಲೆ ಪೋಣಿಸಿದ ಕೆಲವು ಫೆರೈಟ್ ಉಂಗುರಗಳು. ಈ ಉಂಗುರಗಳು ಕೇಬಲ್‌ನ ಹೊರಮೈಯಲ್ಲಿ ಹರಿಯುವ ವಿದ್ಯುತ್ತನ್ನು ತಡೆಯುತ್ತವೆ, ಒಳಗೆ ಸಾಗುವ ಸಂಕೇತಕ್ಕೆ ಅಡ್ಡಿಮಾಡುವುದಿಲ್ಲ.

ಜಾಗದ ಆಯ್ಕೆಯೂ ಮುಖ್ಯ. ಮಾತುಕತೆಯ ಅಲೆಗಳು ಲಂಬವಾಗಿ ಕಂಪಿಸುವುದರಿಂದ ಆ ಆಂಟೆನಾ ನೆಟ್ಟಗೆ ನಿಂತಿರಬೇಕು. ಲಾಂಗ್-ಈಝಿಯಲ್ಲಿ ರೆಕ್ಕೆಯ ತುದಿಯ ವಿಂಗ್‌ಲೆಟ್ ಇದಕ್ಕೆ ಹೇಳಿಮಾಡಿಸಿದ ಜಾಗ, ತಂತಿಗಳಿಂದಲೂ ದೂರ. ಆದರೆ ವಿಮಾನದ ಮೈ ಕಾರ್ಬನ್ ಫೈಬರಿನದಾಗಿದ್ದರೆ ಈ ಉಪಾಯ ನಡೆಯದು. ಕಾರ್ಬನ್ ವಿದ್ಯುದ್ವಾಹಕವಾದ್ದರಿಂದ ಅಲೆಗಳನ್ನು ತಡೆಯುತ್ತದೆ. ಆಗ ಆಂಟೆನಾ ಹೊರಗೇ ಇರಬೇಕು.

ಸದ್ದು ಬರುವುದು ಎಲ್ಲಿಂದ?

ಕೆಲವೊಮ್ಮೆ ತೊಂದರೆ ಮಾತಾಡುವಾಗಲ್ಲ, ಕೇಳುವಾಗ. ಎಂಜಿನ್ ವೇಗದೊಡನೆ ಏರುವ ಕೀರಲು ಸದ್ದಾದರೆ ಆಲ್ಟರ್ನೇಟರ್ ಮೇಲೆ ಅನುಮಾನ. ದೀಪ ಮಿನುಗುವ ಲಯದಲ್ಲೇ ಟಿಕ್ ಟಿಕ್ ಎಂದರೆ ಸ್ಟ್ರೋಬ್ ದೀಪದ ಮೇಲೆ. ಒಂದೊಂದೇ ಸ್ವಿಚ್ ಆರಿಸುತ್ತ ಹೋದರೆ ಕಳ್ಳ ಸಿಗುತ್ತಾನೆ. ರೇಡಿಯೋದಿಂದ ಆಂಟೆನಾ ಕೇಬಲ್ ಬಿಚ್ಚಿ ನೋಡುವುದು ಇನ್ನೊಂದು ಪರೀಕ್ಷೆ. ಸದ್ದು ನಿಂತರೆ ಅದು ಆಂಟೆನಾ ಮೂಲಕ ಬರುತ್ತಿತ್ತು. ನಿಲ್ಲದಿದ್ದರೆ ವಿದ್ಯುತ್ ಅಥವಾ ಧ್ವನಿಯ ತಂತಿಗಳಲ್ಲಿ ಹುಡುಕಬೇಕು. ಆಂಟೆನಾ ಬಿಚ್ಚಿದಾಗ ಮಾತಾಡುವ ಗುಂಡಿಯನ್ನು ಮಾತ್ರ ಒತ್ತಬಾರದು, ರೇಡಿಯೋ ಸುಟ್ಟುಹೋಗಬಹುದು.

ಜಿಪಿಎಸ್‌ನದು ಇನ್ನೊಂದು ಕತೆ. ಅದು ಕೆಲಸಮಾಡುವುದು 1575.42 ಮೆಗಾಹರ್ಟ್ಜ್‌ನಲ್ಲಿ. ರೇಡಿಯೋ 121.175ರಲ್ಲಿ ಮಾತಾಡಿದಾಗ ಅದರ 13 ಪಟ್ಟು, ಅಂದರೆ 1575.275ರಲ್ಲಿಯೂ ಕ್ಷೀಣವಾದ ಅಲೆಗಳು ಹೊಮ್ಮುತ್ತವೆ. ಉಪಗ್ರಹದ ಸಂಕೇತ ಅದಕ್ಕಿಂತ ಕ್ಷೀಣವಾದ್ದರಿಂದ ಜಿಪಿಎಸ್ ದಾರಿ ತಪ್ಪಬಹುದು. ಹಾಗಾಗಿ ಎರಡೂ ಆಂಟೆನಾಗಳನ್ನು ಸಾಧ್ಯವಾದಷ್ಟು ದೂರ ಇಡುತ್ತಾರೆ.

ಈ ಪರೀಕ್ಷೆಗಳೆಲ್ಲ ನೆಲದ ಮೇಲೆಯೇ ಮುಗಿಯಬೇಕು. ಎಂಜಿನ್ ಓಡಿಸಿ, ಎಲ್ಲ ಉಪಕರಣಗಳನ್ನೂ ಚಾಲೂ ಮಾಡಿ, ಬ್ಯಾಂಡ್‌ನ ಆರಂಭ, ನಡು, ಕೊನೆ ಮೂರೂ ಕಡೆ ಚುಟುಕಾಗಿ ಮಾತಾಡಿ ಮುಳ್ಳುಗಳನ್ನು ಗಮನಿಸಬೇಕು. 121.5 ಮೆಗಾಹರ್ಟ್ಜ್ ತುರ್ತು ಕರೆಗಳಿಗೆ ಮೀಸಲು, ಅದನ್ನು ಮುಟ್ಟುವಂತಿಲ್ಲ. ಇಷ್ಟಾದ ಮೇಲೂ ಆಟೋಪೈಲಟ್ ಬೆಚ್ಚುತ್ತಿದ್ದರೆ ವಿಮಾನ ಇನ್ನೂ ಹಾರಾಟಕ್ಕೆ ಸಿದ್ಧವಾಗಿಲ್ಲ ಎಂದೇ ಅರ್ಥ. ನೆಲದ ಮೇಲೆ ನಿಂತಿರುವಾಗ ಉಂಗುರ ಪೋಣಿಸಲು ಎಷ್ಟು ಬೇಕಾದರೂ ಸಮಯವಿದೆ, ಮೇಲೇರಿದ ಮೇಲೆ ಇಲ್ಲ.