ಹತ್ತೊಂಬತ್ತನೇ ಗೇಟಿನ ತಂಡಕ್ಕೊಂದು ವಂದನೆ

ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ಗುರುವಾರವನ್ನು ಅಂತಾರಾಷ್ಟ್ರೀಯ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ದಿನವನ್ನಾಗಿ ಆಚರಿಸಲಾಗುತ್ತದೆ. ಅಮೆರಿಕದ ಫ್ರಾಂಕ್ ಸಲಾಡಿಸ್ ಎಂಬವರು 2004ರಲ್ಲಿ ಈ ಆಚರಣೆಯನ್ನು ಆರಂಭಿಸಿದರು. ಯೋಜನೆಗಳನ್ನು ನಡೆಸಿಕೊಡುವ ವ್ಯವಸ್ಥಾಪಕರನ್ನೂ ಅವರ ತಂಡಗಳನ್ನೂ ನೆನೆದು ಕೃತಜ್ಞತೆ ಸಲ್ಲಿಸುವುದು ಈ ದಿನದ ಉದ್ದೇಶ. ದಿನಕ್ಕೊಂದು ಆಚರಣೆ ಇರುವ ಈ ಕಾಲದಲ್ಲಿ ಇದೂ ಒಂದೇ ಎಂದು ಓದುಗರು ಕೇಳಬಹುದು. ನಮಗೂ ಮೊದಲು ಹಾಗೆಯೇ ಅನಿಸಿತ್ತು.

ಪ್ರಾಜೆಕ್ಟ್ ಮ್ಯಾನೇಜರ್ ಎಂದೊಡನೆ ನಮ್ಮ ಕರಾವಳಿಯವರಿಗೆ ನೆನಪಾಗುವುದು ಗಲ್ಫ್ ರಾಷ್ಟ್ರಗಳಲ್ಲೋ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲೋ ಇರುವ ಬಂಧುಗಳು. ಆದರೆ ಕೆಲಸ ಮಾತ್ರ ಹಳೆಯದು. ಆರಂಭ ಮತ್ತು ಕೊನೆ ಇರುವ ಒಂದು ಕಾರ್ಯವನ್ನು, ಇರುವ ಹಣದಲ್ಲಿ, ಇರುವ ಜನರಿಂದ, ಹೇಳಿದ ದಿನಕ್ಕೆ ಮುಗಿಸಿಕೊಡುವುದು. ಊರಿನ ಮದುವೆಯಲ್ಲಿ ಚಪ್ಪರದಿಂದ ಹಿಡಿದು ಅಡುಗೆಯವರ ತನಕ ಎಲ್ಲವನ್ನೂ ನೋಡಿಕೊಂಡು, ಫೋಟೋ ತೆಗೆಯುವಾಗ ಮಾತ್ರ ಎಲ್ಲೂ ಕಾಣಿಸದ ಮಾವನೊಬ್ಬ ಇರುತ್ತಾನಲ್ಲ, ಅವನೂ ಪ್ರಾಜೆಕ್ಟ್ ಮ್ಯಾನೇಜರನೇ!

ಈ ಕೆಲಸದ ಬೆಲೆ ಏನೆಂಬುದನ್ನು 2024ರ ಆಗಸ್ಟ್ ತಿಂಗಳಲ್ಲಿ ಕೊಪ್ಪಳ ಜಿಲ್ಲೆಯ ಜನರು ಕಣ್ಣಾರೆ ಕಂಡರು.

ಆಗಸ್ಟ್ 10ರ ಶನಿವಾರ ರಾತ್ರಿ ಮುನಿರಾಬಾದಿನ ಬಳಿಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ, ಗೇಟು ನೀರಿನಲ್ಲಿ ಕೊಚ್ಚಿಹೋಯಿತು. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾಗಿ, 1953ರಲ್ಲಿ ಪೂರ್ಣಗೊಂಡ ಅಣೆಕಟ್ಟು ಇದು. ಸುಣ್ಣ ಮತ್ತು ಸುರ್ಕಿಯ ಗಾರೆಯಲ್ಲಿ ಕಟ್ಟಿದ ಆ ಗೋಡೆಗೆ ಏನೂ ಆಗಲಿಲ್ಲ. ಸೋತದ್ದು ಎಪ್ಪತ್ತು ವರ್ಷಗಳಿಂದ ಗೇಟಿನ ಭಾರ ಹೊತ್ತಿದ್ದ ಕಬ್ಬಿಣದ ಸರಪಳಿ.

ಜಲಾಶಯ ಆಗ ತುಂಬಿತ್ತು. ಒಟ್ಟು 33 ಗೇಟುಗಳಲ್ಲಿ ಒಂದು ಹೋದರೆ ಉಳಿದವು ಇವೆಯಲ್ಲ ಎನ್ನುವಂತಿರಲಿಲ್ಲ. ಹೋದ ಗೇಟಿನ ಮೂಲಕ ನೀರು ನುಗ್ಗುತ್ತಿತ್ತು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಎಡದಂಡೆ ಕಾಲುವೆಯನ್ನು ನಂಬಿದ ಗಂಗಾವತಿಯ ಗದ್ದೆಗಳಲ್ಲಿ ಮುಂಗಾರಿನ ಭತ್ತ ನಿಂತಿತ್ತು. ಭತ್ತದ ಕಣಜವೆಂದು ಹೆಸರಾದ ತಾಲೂಕು ಅದು. ಅದರ ಬೆಳೆಯ ನೀರು ರೈತರ ಕಣ್ಣೆದುರೇ ಹೊಳೆಯ ಪಾಲಾಗುತ್ತಿತ್ತು. ಇದೇ ನೀರನ್ನು ನಂಬಿದವರು ಆಂಧ್ರ, ತೆಲಂಗಾಣಗಳಲ್ಲೂ ಇದ್ದರು.

ಗೇಟು ಕೂರಿಸಬೇಕಾದ ಕಟ್ಟೆಯ ಮಟ್ಟ 1,613 ಅಡಿ, ತುಂಬಿದ ಜಲಾಶಯದ ಮಟ್ಟ 1,633 ಅಡಿ. ನೀರು ಇಪ್ಪತ್ತು ಅಡಿ ಇಳಿದ ಮೇಲೆ ನಿಶ್ಚಿಂತೆಯಿಂದ ಕೆಲಸ ಮಾಡಬಹುದಿತ್ತು. ಹಾಗೆ ಕಾದರೆ ಜಲಾಶಯದ ಅರ್ಧಕ್ಕೂ ಹೆಚ್ಚು ನೀರು ಹೋಗುತ್ತಿತ್ತು. ಹರಿಯುವ ನೀರಿನಲ್ಲೇ ತಡೆ ಇಳಿಸುವುದು ಇನ್ನೊಂದು ದಾರಿ. ಅದು ಅಪಾಯದ ದಾರಿ, ಆಗುತ್ತದೆಂಬ ಖಾತರಿಯೂ ಇರಲಿಲ್ಲ.

ಎರಡನೆಯ ದಾರಿಯನ್ನು ಹಿಡಿದ ತಂಡದ ಮುಂದಾಳು ಎನ್. ಕನ್ನಯ್ಯ ನಾಯ್ಡು. ಅಣೆಕಟ್ಟುಗಳ ಗೇಟು ತಯಾರಿಸುತ್ತಿದ್ದ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಸಂಸ್ಥೆಯಲ್ಲಿ ದುಡಿದು ನಿವೃತ್ತರಾದ, ಎಂಬತ್ತರ ಆಸುಪಾಸಿನ ತಜ್ಞರು. (ಆ ಸಂಸ್ಥೆಯನ್ನೇ ನಾವು ಮುಚ್ಚಿಬಿಟ್ಟಿದ್ದೇವೆ, ಅಲ್ಲಿ ಕಲಿತ ಮನುಷ್ಯ ಮಾತ್ರ ಬೇಕಾದಾಗ ಸಿಕ್ಕಿದರು.) ಇಡೀ ಗೇಟಿನ ಬದಲು, 60 ಅಡಿ ಉದ್ದ ಮತ್ತು ನಾಲ್ಕು ಅಡಿ ಎತ್ತರದ ಐದು ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸುವುದು ಅವರ ಯೋಜನೆ. ಇದಕ್ಕೆ ಸ್ಟಾಪ್ ಲಾಗ್ ಎನ್ನುತ್ತಾರೆ. ಹಳೆಯ ಅಂಗಡಿಗಳ ಬಾಗಿಲಿಗೆ ಹಲಗೆಗಳನ್ನು ಒಂದೊಂದಾಗಿ ತೋಡಿನೊಳಗೆ ಸೇರಿಸುತ್ತಿದ್ದುದನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಇಲ್ಲಿ ಹಲಗೆ ಉಕ್ಕಿನದು, ಸೇರಿಸಬೇಕಾದದ್ದು ಭೋರ್ಗರೆಯುವ ನೀರಿನೊಳಗೆ.

ಜಿಂದಾಲ್ ಉಕ್ಕಿನ ಕಾರ್ಖಾನೆ ಮತ್ತು ಹೊಸಪೇಟೆ ಕಡೆಯ ವರ್ಕ್‌ಶಾಪುಗಳಲ್ಲಿ ಹಗಲು ರಾತ್ರಿ ಎನ್ನದೆ ತುಂಡುಗಳನ್ನು ಸಿದ್ಧಪಡಿಸಲಾಯಿತು. ಅಳತೆ ತೆಗೆದವರು, ವೆಲ್ಡಿಂಗ್ ಮಾಡಿದವರು, ಟ್ರಕ್ ಓಡಿಸಿದವರು, ಕ್ರೇನ್ ನಡೆಸಿದವರು, ಸೇತುವೆಯ ಅಂಚಿನಲ್ಲಿ ಬಗ್ಗಿ ನಿಂತು ಸನ್ನೆ ಮಾಡಿದವರು, ಇವರಲ್ಲಿ ಒಬ್ಬರ ಕೈ ತಪ್ಪಿದ್ದರೂ ಕೆಲಸ ಕೆಡುತ್ತಿತ್ತು. ಮೊದಲ ಪ್ರಯತ್ನ ಕೈಗೂಡಲಿಲ್ಲ. ಆಗಸ್ಟ್ 16ರ ಶುಕ್ರವಾರ ಸಂಜೆ ಮೊದಲ ತುಂಡು ತನ್ನ ಸ್ಥಾನದಲ್ಲಿ ಕುಳಿತಿತು. ಮರುದಿನ ಉಳಿದವು ಕುಳಿತವು. ಸುಮಾರು 70 ಟಿಎಂಸಿ ನೀರು ಜಲಾಶಯದಲ್ಲಿ ಉಳಿಯಿತು. ಮುಂದೆ ಮಳೆಯೂ ಕೈಬಿಡಲಿಲ್ಲ. ಜಲಾಶಯ ಮತ್ತೆ ತುಂಬಿ, ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಾಗಿನ ಅರ್ಪಿಸಿದರು. ಗೇಟು ಕೂರಿಸಿದವರನ್ನು ಸನ್ಮಾನಿಸಲಾಯಿತು.

ಸನ್ಮಾನ ಸರಿಯೇ. ಆದರೆ ಇಲ್ಲಿ ನಮಗೆ ಒಂದು ತಕರಾರು ಇದೆ. ಗೇಟು ಮುರಿದ ಮೇಲೆ ಬಂದವರಿಗೆ ಶಾಲು ಸಿಗುತ್ತದೆ. ಗೇಟು ಮುರಿಯದಂತೆ ಎಪ್ಪತ್ತು ವರ್ಷ ಗ್ರೀಸ್ ಹಚ್ಚಿದವನಿಗೆ ಯಾರು ಶಾಲು ಹೊದಿಸಿದರು? ಯಾವ ಅನಾಹುತವೂ ಆಗದ ದಿನ ಸುದ್ದಿಯಾಗುವುದಿಲ್ಲ. ಪತ್ರಿಕೆ ನಡೆಸುವ ನಮಗೂ ಆ ತಪ್ಪಿನಲ್ಲಿ ಪಾಲಿದೆ. ಅಣೆಕಟ್ಟು ಕಟ್ಟಿದ ಮದ್ರಾಸಿನ ಎಂಜಿನಿಯರ್ ತಿರುಮಲೆ ಅಯ್ಯಂಗಾರರ ಹೆಸರು ಉಳಿದಿದೆ. ಅಂದು ಕಲ್ಲು ಹೊತ್ತ ಸಾವಿರಾರು ಜನರ ಹೆಸರು ಉಳಿದಿಲ್ಲ.

ಕಾಲುವೆಯ ಭಾಗ್ಯವಿಲ್ಲದ ಕುಷ್ಟಗಿ, ಯಲಬುರ್ಗಾ ಕಡೆ ಮಾತು ಬೇರೆ. ಅಲ್ಲಿ ಸಜ್ಜೆ, ಶೇಂಗಾ, ಕಡಲೆ ಬೆಳೆಯುವ ರೈತ ನೋಡುವುದು ಆಕಾಶವನ್ನು, ಇಲ್ಲವೇ ಊರ ಕೆರೆಯನ್ನು. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರು ಹಿರೇಹಳ್ಳವನ್ನು ಸ್ವಚ್ಛಗೊಳಿಸಲು ಮುಂದಾದಾಗ ಜನರು ಹಣ, ಯಂತ್ರ, ಶ್ರಮ ಎಲ್ಲವನ್ನೂ ಕೊಟ್ಟರು. ಕುಷ್ಟಗಿ ತಾಲೂಕಿನ ನಿಡಶೇಸಿ ಕೆರೆಯ ಹೂಳನ್ನೂ ಹೀಗೆಯೇ ತೆಗೆಯಲಾಯಿತು. ಅಲ್ಲಿ ಮ್ಯಾನೇಜರ್ ಎಂಬ ಪದವಿ ಯಾರಿಗೂ ಇರಲಿಲ್ಲ. ಜೆಸಿಬಿಗೆ ಡೀಸೆಲ್ ಎಲ್ಲಿಂದ, ಬಂದವರಿಗೆ ಊಟ ಯಾರದು, ನಾಳೆ ಯಾವ ಕಡೆ ಅಗೆಯಬೇಕು ಎಂದು ಪ್ರತಿ ಸಂಜೆ ಯಾರೋ ಕುಳಿತು ಲೆಕ್ಕ ಹಾಕದೆ ಅಂಥ ಕೆಲಸ ಸಾಗುವುದಿಲ್ಲ.

ತುಂಗಭದ್ರೆಯ ಕಥೆಗೆ ಇನ್ನೊಂದು ಅಧ್ಯಾಯವಿದೆ. ಸ್ಟಾಪ್ ಲಾಗ್ ತಾತ್ಕಾಲಿಕ ತಡೆ ಮಾತ್ರ. ಎಲ್ಲ 33 ಗೇಟುಗಳನ್ನೂ ಬದಲಿಸುವುದೆಂದು ತೀರ್ಮಾನವಾಗಿ, 2025ರ ಕೊನೆಯಲ್ಲಿ ಕೆಲಸ ಆರಂಭವಾಯಿತು. ಈ ಸಲ ಅವಸರವಿಲ್ಲದೆ, ಜಲಾಶಯದ ನೀರು ಇಳಿಸಿ ಮಾಡುವ ಕೆಲಸ. ಅದಕ್ಕಾಗಿ ಆ ಸಾಲಿನ ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಿಡುವುದಿಲ್ಲವೆಂದು ರೈತರಿಗೆ ತಿಳಿಸಲಾಯಿತು. ಪ್ರತಿಭಟನೆಗಳು ನಡೆದವು, ಪರಿಹಾರದ ಬೇಡಿಕೆಯೂ ಕೇಳಿಬಂತು. ಹೊಸ ಗೇಟುಗಳ ಖರ್ಚಿನ ಪಟ್ಟಿಯಲ್ಲಿ ಉಕ್ಕು, ಕ್ರೇನು, ಕೂಲಿ ಎಲ್ಲವೂ ಇರುತ್ತವೆ. ಗಂಗಾವತಿಯ ರೈತ ಕಳೆದುಕೊಂಡ ಒಂದು ಬೆಳೆಯನ್ನೂ ನಾವು ಅದೇ ಪಟ್ಟಿಯಲ್ಲಿ ಬರೆದುಕೊಳ್ಳುತ್ತೇವೆ.