ಅಂತರರಾಜ್ಯ ಸಾರಿಗೆ ಒಪ್ಪಂದಗಳು ಮತ್ತು ರಹದಾರಿ: ಅರ್ಜಿದಾರರಿಗೆ ಮಾಹಿತಿ

ರಾಯಚೂರು ಜಿಲ್ಲೆಯು ತೆಲಂಗಾಣ ಮತ್ತು ಆಂಧ್ರ ಪ್ರದೇಶ ರಾಜ್ಯಗಳೆರಡಕ್ಕೂ ಗಡಿ ಹೊಂದಿದೆ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಹಿಂದಿನ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಗೇ ಸೇರಿದ್ದವು. ದಿನಾಂಕ 1-11-1956ರ ರಾಜ್ಯ ಪುನರ್ವಿಂಗಡಣೆಯಿಂದ ಅವು ಆಂಧ್ರ ಪ್ರದೇಶಕ್ಕೆ ಸೇರಿದವು. ದಿನಾಂಕ 2-6-2014ರಿಂದ ತೆಲಂಗಾಣದಲ್ಲಿವೆ. ಹೀಗಾಗಿ ಒಂದೇ ಜಿಲ್ಲೆಯೊಳಗಿದ್ದ ಮಾರ್ಗಗಳು ಅಂತರರಾಜ್ಯ ಮಾರ್ಗಗಳಾಗಿವೆ. ಈ ಮಾರ್ಗಗಳಲ್ಲಿ ಬಾಡಿಗೆಗೆ ವಾಹನ ಓಡಿಸುವವರು ಕೆಳಕಂಡ ಉಪಬಂಧಗಳನ್ನು ತಿಳಿದಿರುವುದು ಅವಶ್ಯಕ.

ಸಂವಿಧಾನದ ಉಪಬಂಧಗಳು

ಅನುಚ್ಛೇದ 301ರ ಪ್ರಕಾರ ಭಾರತದಾದ್ಯಂತ ವ್ಯಾಪಾರ, ವಾಣಿಜ್ಯ ಮತ್ತು ಸಂಚಾರವು ಮುಕ್ತವಾಗಿರತಕ್ಕದ್ದು. ಆದರೆ ಅನುಚ್ಛೇದ 302ರ ಮೇರೆಗೆ ಸಂಸತ್ತು ಸಾರ್ವಜನಿಕ ಹಿತದೃಷ್ಟಿಯಿಂದ ನಿರ್ಬಂಧ ವಿಧಿಸಬಹುದು. ರಾಜ್ಯ ವಿಧಾನಮಂಡಲವೂ ಅನುಚ್ಛೇದ 304(ಬಿ) ಮೇರೆಗೆ ಯುಕ್ತ ನಿರ್ಬಂಧ ವಿಧಿಸಬಹುದು. ಅಂತಹ ವಿಧೇಯಕಕ್ಕೆ ರಾಷ್ಟ್ರಪತಿಯವರ ಪೂರ್ವ ಮಂಜೂರಾತಿ ಅಗತ್ಯ. ಸಂಚಾರವನ್ನು ಸುಗಮಗೊಳಿಸುವ ನಿಯಂತ್ರಣ ಕ್ರಮಗಳು ಈ ಸ್ವಾತಂತ್ರ್ಯಕ್ಕೆ ಅಡ್ಡಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ರಾಜಸ್ಥಾನದ ಮೋಟಾರು ವಾಹನ ತೆರಿಗೆ ಪ್ರಕರಣದಲ್ಲಿ 1962ರಲ್ಲಿ ತೀರ್ಪು ನೀಡಿದೆ.

ಮೇಲುರುಜು ಮತ್ತು ಒಪ್ಪಂದ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 88ರಂತೆ, ಒಂದು ರಾಜ್ಯದಲ್ಲಿ ನೀಡಿದ ರಹದಾರಿಯು ಸಾಮಾನ್ಯವಾಗಿ ಇನ್ನೊಂದು ರಾಜ್ಯದ ಪ್ರಾಧಿಕಾರದ ಮೇಲುರುಜು ಇಲ್ಲದೆ ಅಲ್ಲಿ ಸಿಂಧುವಾಗುವುದಿಲ್ಲ. ಯಾವ ಮಾರ್ಗಕ್ಕೆ ಎಷ್ಟು ರಹದಾರಿ ಎಂಬುದನ್ನು ರಾಜ್ಯಗಳು ಒಪ್ಪಂದದ ಮೂಲಕ ನಿಗದಿಪಡಿಸಬಹುದು. ಇಂತಹ ಪ್ರಸ್ತಾವನೆಯನ್ನು ಎರಡೂ ರಾಜ್ಯಗಳು ತಮ್ಮ ರಾಜ್ಯಪತ್ರದಲ್ಲಿ ಹಾಗೂ ಆ ಪ್ರದೇಶದ ಪ್ರಾದೇಶಿಕ ಭಾಷಾ ಪತ್ರಿಕೆಯಲ್ಲಿ ಪ್ರಕಟಿಸತಕ್ಕದ್ದು. ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ ಕನಿಷ್ಠ 30 ದಿನಗಳು ಕಳೆದ ನಂತರವೇ ಪ್ರಸ್ತಾವನೆಯನ್ನೂ ಅದರ ಮೇಲಿನ ಮನವಿಗಳನ್ನೂ ಪರಿಶೀಲಿಸಲಾಗುತ್ತದೆ.

ಒಪ್ಪಂದವು ಅಂತಿಮವಾಗಿ ಪ್ರಕಟವಾದ ಮೇಲೆ ಸಾರಿಗೆ ಪ್ರಾಧಿಕಾರಗಳು ಅದನ್ನು ಜಾರಿಗೊಳಿಸಬೇಕಾಗುತ್ತದೆ. ಆದ್ದರಿಂದ ತಮ್ಮ ಊರಿನ ಮಾರ್ಗ ಬಿಟ್ಟುಹೋಗಿದ್ದಲ್ಲಿ ಅಥವಾ ರಹದಾರಿಗಳ ಸಂಖ್ಯೆ ಸಾಲದಿದ್ದಲ್ಲಿ, ಸಾರ್ವಜನಿಕರು ಪ್ರಕಟಣೆಯಲ್ಲಿ ಸೂಚಿಸಿದ ದಿನಾಂಕದೊಳಗೆ ಲಿಖಿತ ಮನವಿ ಸಲ್ಲಿಸುವುದು ಸೂಕ್ತ.

ಅರ್ಜಿದಾರರ ಗಮನಕ್ಕೆ

1. ಸರಕು ವಾಹನ: ಒಟ್ಟು ತೂಕ 3,000 ಕಿ.ಗ್ರಾಂ. ಮೀರದ ಸರಕು ವಾಹನಕ್ಕೆ ರಹದಾರಿ ಅಗತ್ಯವಿಲ್ಲ. ಅದಕ್ಕಿಂತ ಭಾರವಾದ ವಾಹನದಲ್ಲಿ ದೇವದುರ್ಗ ಅಥವಾ ಮಾನ್ವಿಯಿಂದ ಹತ್ತಿ, ಭತ್ತ ಮುಂತಾದವನ್ನು ಹೊರರಾಜ್ಯಗಳಿಗೆ ಸಾಗಿಸುವವರು ರಾಷ್ಟ್ರೀಯ ರಹದಾರಿ ಪಡೆಯಬಹುದು.

2. ಮದುವೆ, ಯಾತ್ರೆ: ಮಂತ್ರಾಲಯದಂತಹ ಕ್ಷೇತ್ರಗಳಿಗೆ ಇಡೀ ವಾಹನವನ್ನು ಬಾಡಿಗೆಗೆ ಪಡೆದು ಹೋಗುವಾಗ, ವಾಹನದ ಮಾಲೀಕರು ಪ್ರಕರಣ 88(8)ರ ಮೇರೆಗೆ ವಿಶೇಷ ರಹದಾರಿ ಪಡೆಯಬಹುದು. ಇದಕ್ಕೆ ಮೇಲುರುಜು ಬೇಕಿಲ್ಲ. ಆದರೆ ದಾರಿಯಲ್ಲಿ ಬೇರೆ ಪ್ರಯಾಣಿಕರನ್ನು ಹತ್ತಿಸುವಂತಿಲ್ಲ.

3. ರಹದಾರಿ ಇಲ್ಲದಿದ್ದಲ್ಲಿ: ಪ್ರಕರಣ 192-ಎ ಅನ್ವಯ ಇದು ದಂಡನೀಯ ಅಪರಾಧ. ಅಲ್ಲದೆ, ರಹದಾರಿ ಇಲ್ಲದ ವಾಹನ ಅಪಘಾತಕ್ಕೀಡಾದಾಗ ವಿಮಾ ಸಂಸ್ಥೆಯು ಪರಿಹಾರ ನೀಡಿ, ಆ ಮೊತ್ತವನ್ನು ಮಾಲೀಕರಿಂದ ವಸೂಲು ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿದೆ. ಬಾಡಿಗೆ ಗೊತ್ತುಪಡಿಸುವ ಮುನ್ನ ಪ್ರಯಾಣಿಕರೂ ರಹದಾರಿಯನ್ನು ಪರಿಶೀಲಿಸಿಕೊಳ್ಳುವುದು ಒಳ್ಳೆಯದು.