ಗಾಜಿನ ಬಾಗಿಲಿನಾಚೆಯ ದಾಸೋಹ

ಮನೆಯ ಹಿರಿಯರೊಬ್ಬರು ಆಸ್ಪತ್ರೆಯ ತೀವ್ರ ನಿಗಾ ಘಟಕವನ್ನು ಸೇರಿ ಎರಡು ಮೂರು ದಿನಗಳಲ್ಲಿ ಹೊರಬಂದರೆ ಆ ಚಿಂತೆ ಬೇಗ ಮರೆಯಾಗುತ್ತದೆ. ವಾರಗಳು ಉರುಳಿ ತಿಂಗಳಾದರೆ ಮನೆತನದ ಸ್ಥಿತಿಯೇ ಬೇರೆ. ಮಕ್ಕಳು ಸೊಸೆಯಂದಿರು ಹೊರಗಿನ ಬೆಂಚಿನ ಮೇಲೆ ಕಾಯುತ್ತ, ಒಳಗಿರುವವರಿಗೆ ತಮ್ಮಿಂದ ಯಾವ ಸೇವೆಯೂ ಸಲ್ಲದೆಂದು ಕೊರಗುತ್ತಾರೆ. ಆ ಕೊರಗಿನಿಂದಲೇ ಕೆಲವೊಮ್ಮೆ ಸಲ್ಲದ ಸೇವೆಗೂ ಕೈಹಾಕುತ್ತಾರೆ.

ಈ ಘಟಕ ಹುಟ್ಟಿದ್ದೇ ಮನುಷ್ಯರ ಕೈಸೇವೆಯಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹರಡಿ, ಅನೇಕರು ಉಸಿರಾಡುವ ಶಕ್ತಿಯನ್ನೇ ಕಳೆದುಕೊಂಡರು. ವೈದ್ಯ ಬ್ಯೋರ್ನ್ ಇಬ್ಸೆನ್ ಅವರು ರೋಗಿಯ ಕುತ್ತಿಗೆಯಲ್ಲಿ ಕೊಳವೆ ಇಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿ ಕೊಡುವ ಕ್ರಮವನ್ನು ಅಲ್ಲಿ ತಂದರು. ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳೂ ಕುಳಿತು ಆ ಚೀಲಗಳನ್ನು ಒತ್ತಿದರು. ಇಂದು ಆ ಕೆಲಸ ವೆಂಟಿಲೇಟರಿನದು. ಉಳಿದ ಬಹುಪಾಲು ಸೇವೆ ಈಗಲೂ ಕೈಗಳದೇ.

ಬಹುದಿನ ಮಲಗಿದವರನ್ನು ಸಾಮಾನ್ಯವಾಗಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಬೆನ್ನು, ಸೊಂಟ, ಹಿಮ್ಮಡಿಗಳಲ್ಲಿ ಹಾಸಿಗೆ ಹುಣ್ಣು ಏಳುತ್ತದೆ. ಬಾಯಿ ಶುಚಿ ಮಾಡುವುದು, ಕಫ ಹೀರಿ ತೆಗೆಯುವುದು, ಮಲಮೂತ್ರ ಬಳಿಯುವುದು, ಕೀಲು ಬಿಗಿಯದಂತೆ ಕೈಕಾಲು ಆಡಿಸುವುದು, ಇವೆಲ್ಲ ದಾದಿಯರ ನಿತ್ಯಕಾಯಕ. ಇಂಥ ದಾದಿಯ ಕುಲವನ್ನು ವಿಚಾರಿಸಿದ ಬಂಧುಗಳನ್ನೂ ನಾವು ಕಂಡಿದ್ದೇವೆ. ಶರಣರ ಹೆಸರು ಹೇಳುವ ಮನೆಗೆ ಅದು ಶೋಭಿಸದು.

ಇನ್ನು ಪಾದೋದಕದ ವಿಷಯ. ದಾದಿಯು ಅತ್ತ ತಿರುಗಿದಾಗ ಭಕ್ತಿಯಿಂದ ರೋಗಿಯ ಬಾಯಿಗೆ ನಾಲ್ಕು ಹನಿ ಬಿಡುವವರುಂಟು. ಗಂಟಲಲ್ಲಿ ಕೊಳವೆಯಿರುವವರು, ಎಚ್ಚರ ತಪ್ಪಿದವರು ಸರಿಯಾಗಿ ನುಂಗಲಾರರು. ಆ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಬಹುದಿನದ ರೋಗಿಗೆ ಅದು ಪ್ರಾಣಾಂತಿಕ. ಅಷ್ಟಾವರಣಗಳಲ್ಲಿ ಪಾದೋದಕದ ಸ್ಥಾನವನ್ನು ನಾವು ಮಠದಲ್ಲಿ ಕಲಿತೇ ಬೆಳೆದವರು. ಆದರೂ ಹೇಳುತ್ತೇವೆ, ಅಂಥ ಹೊತ್ತಿನಲ್ಲಿ ರೋಗಿಯ ಪರವಾಗಿ ಮನೆಯವರು ಸ್ವೀಕರಿಸಿದರೆ ಸಾಕು. ವಿಭೂತಿಯನ್ನು ದಾದಿಯನ್ನು ಕೇಳಿಯೇ ಹಚ್ಚಬೇಕು. ಅದರ ಪುಡಿ ಕೊಳವೆಯ ಮೇಲಾಗಲಿ ಗಾಯದ ಮೇಲಾಗಲಿ ಉದುರಬಾರದು.

ಇಷ್ಟಲಿಂಗದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಎಂ.ಆರ್.ಐ. ಯಂತ್ರದ ಕಾಂತಶಕ್ತಿ ಬಲವಾದುದರಿಂದ ಲೋಹದ ವಸ್ತುಗಳನ್ನು ಹೊರಗಿಡುವುದು ನಿಯಮ. ಕರಡಿಗೆಯನ್ನು ತೆಗೆಯಿರೆಂದಾಗ, ಅಂಗದಿಂದ ಲಿಂಗವನ್ನು ಅಗಲಿಸಬಹುದೇ ಎಂದು ತಡೆದು ನಿಲ್ಲುವವರಿದ್ದಾರೆ. ಅವರ ಸಂಕಟ ಸುಳ್ಳಲ್ಲ. ಆದರೆ ದೀಕ್ಷೆಯಿಂದ ಬಂದ ಸಂಬಂಧವು ಶಿವದಾರದ ಗಂಟಿನಲ್ಲಿ ಇಲ್ಲವೆಂಬುದು ನಮ್ಮ ತಿಳಿವಳಿಕೆ. ಮನೆಯ ಲಿಂಗವಂತರೊಬ್ಬರು ಅದನ್ನು ಶುಭ್ರ ವಸ್ತ್ರದಲ್ಲಿ ಇರಿಸಿಕೊಂಡು, ವೈದ್ಯರು ಸಮ್ಮತಿಸಿದ ಕೂಡಲೇ ಮರಳಿ ಧರಿಸಲಿ. ಬೇರೆ ಅಭಿಪ್ರಾಯದ ಹಿರಿಯರೂ ಇದ್ದಾರೆ. ಆದ್ದರಿಂದ ತಮ್ಮ ಗುರುಗಳನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಲೇಸು; ಸ್ಟ್ರೆಚರ್ ಬಾಗಿಲಿಗೆ ಬಂದು ನಿಂತಾಗ ಚರ್ಚೆ ಬೇಡ.

ಹಾಗಾದರೆ ಬಂಧುಗಳಿಗೆ ಉಳಿದುದೇನು? ಬಹಳವಿದೆ. ಸದಾ ಉರಿಯುವ ದೀಪ, ಯಂತ್ರಗಳ ಸದ್ದು, ಕಡಿಮೆ ನಿದ್ದೆ, ಔಷಧಗಳ ಪ್ರಭಾವ ಇವುಗಳಿಂದ ಅನೇಕ ರೋಗಿಗಳಿಗೆ ಸನ್ನಿ ಹಿಡಿಯುತ್ತದೆ. ತನ್ನ ಮಗನನ್ನೇ ಗುರುತಿಸದ ತಾಯಿಯನ್ನು ಕಂಡು ಮನೆಯವರು ಎದೆಗುಂದಬಾರದು. ಬಹಳಷ್ಟು ಜನರಲ್ಲಿ ಇದು ಇಳಿಯುತ್ತದೆ. ಅವರ ಕನ್ನಡಕ, ಶ್ರವಣಯಂತ್ರ ಒಯ್ದು ಕೊಡಿ. ಇಂದು ಯಾವ ವಾರ, ಹೊತ್ತೆಷ್ಟು ಎಂದು ಹೇಳಿ. ಕೊಳವೆಯಿಂದ ದನಿ ಹೊರಡದಿದ್ದರೆ ಅಕ್ಷರ ಬರೆದ ಹಲಗೆಯನ್ನು ಮುಂದಿಡಿ. ಕೈ ತೊಳೆದುಕೊಂಡು ಅವರ ಕೈ ಹಿಡಿದು, ಅವರಿಗೆ ಪ್ರಿಯವಾದ ವಚನವನ್ನು ಮೆಲುದನಿಯಲ್ಲಿ ಹೇಳಿ. ಎಮ್ಮೆ ಈದ ಸುದ್ದಿಯನ್ನೂ ಹೇಳಿ. ವಚನದಷ್ಟೇ ಅದೂ ಅವರನ್ನು ಮನೆಗೆ ಕರೆದೀತು.

ಮತ್ತೆ, ಬೆಂಚಿನ ಮೇಲೆ ಕುಳಿತ ಸೊಸೆ ಉಂಡಳೋ ಇಲ್ಲವೋ ಎಂದು ಯಾರಾದರೂ ಕೇಳಬೇಕು. ನೋಡಲು ಬರುವ ಬಳಗದವರು ಹಣ್ಣಿನ ಬುಟ್ಟಿ ತರುವ ಬದಲು ಒಂದು ರಾತ್ರಿ ಅವಳನ್ನು ಮನೆಗೆ ಕಳಿಸಿ ತಾವು ಅಲ್ಲಿ ಕೂಡಲಿ.